ಏಜೆನ್ಸಿಯವರೋ, ಪಕ್ಕದ ಬೀದಿಯವರೋ?

ಪ್ರಶ್ನೆ: ನಮ್ಮದು ಬೆಂಗಳೂರಿನ ಬಸವನಗುಡಿಯಲ್ಲಿರುವ ಹಳೇ ಮನೆ. ಕೆಳಗೆ ಕೆಂಪು ನೆಲ, ಮೇಲೆ ಟೈಲ್ಸ್. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹಗಲು ಹೊತ್ತು 76 ವರ್ಷದ ಅತ್ತೆ ಒಬ್ಬರೇ ಇರುತ್ತಾರೆ. ಒಂಬತ್ತು ವರ್ಷ ನಮ್ಮಲ್ಲಿ ಕೆಲಸ ಮಾಡಿದವರು ಮೊಮ್ಮಗುವನ್ನು ನೋಡಿಕೊಳ್ಳಲು ಊರಿಗೆ ಹೋದರು. ಈಗ ಒಂದು ಏಜೆನ್ಸಿ ದಿನಕ್ಕೆ ಎರಡು ಗಂಟೆಯ ಕೆಲಸಕ್ಕೆ ತಿಂಗಳಿಗೆ ಜಿಎಸ್‌ಟಿ ಸೇರಿ 11,800 ರೂಪಾಯಿ ಕೇಳುತ್ತಿದೆ. ಪೊಲೀಸ್ ವೆರಿಫಿಕೇಶನ್ ಆಗಿದೆ, ರಜೆ ಹಾಕಿದರೆ ಬದಲಿ ಕಳಿಸುತ್ತೇವೆ ಅನ್ನುತ್ತಾರೆ. ಇನ್ನೊಂದು ಕಡೆ ಬೀದಿ ತುದಿಯ ಇಸ್ತ್ರಿ ಅಂಗಡಿಯವರ ನಾದಿನಿ ಇದ್ದಾರೆ. ಅದೇ ಕೆಲಸಕ್ಕೆ ಅವರು ಕೇಳಿದ್ದು 5,200. ಗೊತ್ತಿರುವವರ ಕಡೆಯವರು ಅನ್ನುವುದು ಬಿಟ್ಟರೆ ಬೇರೆ ಗ್ಯಾರಂಟಿ ಇಲ್ಲ. ಯಾರನ್ನು ಇಟ್ಟುಕೊಳ್ಳಲಿ?

ಉತ್ತರ: ಇಸ್ತ್ರಿ ಅಂಗಡಿಯವರ ನಾದಿನಿಯನ್ನೇ ಇಟ್ಟುಕೊಳ್ಳಿ. ಆದರೆ 5,200ಕ್ಕೆ ಬೇಡ, ಸ್ವಲ್ಪ ಜಾಸ್ತಿ ಕೊಡಿ. ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ, ಎಲ್ಲರಿಗೂ ನಾನು ಇದೇ ಉತ್ತರ ಕೊಡುವುದಿಲ್ಲ. ನಿಮಗೆ ಯಾಕೆ ಕೊಟ್ಟೆ ಅಂತ ಬಿಡಿಸಿ ಹೇಳುತ್ತೇನೆ.

ನಾನು ಹೋಟೆಲ್ ಹೌಸ್‌ಕೀಪಿಂಗ್‌ನಲ್ಲಿ ಕೆಲಸ ಕಲಿತವಳು. ಆಮೇಲೆ ಕೆಲವು ವರ್ಷ ಒಂದು ಏಜೆನ್ಸಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಈಗ ಕ್ಲೀನಿಂಗ್ ಕೆಲಸದವರಿಗೆ ತರಬೇತಿ ಕೊಡುತ್ತೇನೆ. ಹಾಗಾಗಿ ಏಜೆನ್ಸಿಯ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಗೊತ್ತು.

ಮೊದಲು ಒಂದು ವಿಷಯ. ಏಜೆನ್ಸಿ ಅನ್ನುವ ಒಂದೇ ಬೋರ್ಡಿನ ಹಿಂದೆ ಮೂರು ಬೇರೆ ಬೇರೆ ವ್ಯಾಪಾರ ಇದೆ. ಮೊದಲನೆಯದು ಜನರನ್ನು ಹುಡುಕಿಕೊಡುವುದು. ಒಬ್ಬರನ್ನು ತೋರಿಸುತ್ತಾರೆ, ಕಮಿಷನ್ ತೆಗೆದುಕೊಳ್ಳುತ್ತಾರೆ, ಅಲ್ಲಿಗೆ ಅವರ ಕೆಲಸ ಮುಗಿಯಿತು. ಸಂಬಳ ನೀವೇ ಕೊಡಬೇಕು, ರಜೆಯ ಜಗಳ ನೀವೇ ಆಡಬೇಕು. ಹೆಸರಿಗೆ ಏಜೆನ್ಸಿ, ನಿಜದಲ್ಲಿ ದುಬಾರಿ ಪರಿಚಯ ಅಷ್ಟೇ. ಎರಡನೆಯದು ಕಾಂಟ್ರ್ಯಾಕ್ಟ್. ಕೆಲಸದವರು ಅವರ ನೌಕರರು, ನೀವು ಬಿಲ್ಲು ಕಟ್ಟುವವರು. ಮೂರನೆಯದು ಮೊಬೈಲ್ ಆಪ್, ಗಂಟೆ ಲೆಕ್ಕ. ಅರ್ಬನ್ ಕಂಪನಿ 2025ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ 15 ನಿಮಿಷಕ್ಕೆ ಮನೆಕೆಲಸದವರನ್ನು ಕಳಿಸುವ ಸೇವೆ ಶುರು ಮಾಡಿ, ಅದಕ್ಕೆ 'ಇನ್‌ಸ್ಟಾ ಮೇಡ್ಸ್' ಅಂತ ಹೆಸರಿಟ್ಟಿತ್ತು. ಜನ ಬೈದ ಮೇಲೆ 'ಇನ್‌ಸ್ಟಾ ಹೆಲ್ಪ್' ಅಂತ ಬದಲಾಯಿಸಿತು. ಪಿಜ್ಜಾ ತರಿಸಿದ ಹಾಗೆ ಮನುಷ್ಯರನ್ನು ತರಿಸುವುದು ನನಗೆ ಇನ್ನೂ ಒಗ್ಗಿಲ್ಲ. ಆದರೆ ನೆಂಟರು ಬಾಗಿಲಿಗೆ ಬಂದಾಗ ಸಿಂಕ್ ತುಂಬಾ ಪಾತ್ರೆ ಬಿದ್ದಿದ್ದರೆ ಅದು ಕೆಲಸಕ್ಕೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ನಿಮಗೆ 11,800 ಹೇಳಿದವರು ಇದರಲ್ಲಿ ಯಾವ ಜಾತಿ ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು. 'ನೀವು ಕಳಿಸುವವರಿಗೆ ಇಎಸ್‌ಐ ನಂಬರ್ ಇದೆಯಾ?' ಅಂತ ಕೇಳಿ. ಇಎಸ್‌ಐ ಅಂದರೆ ನೌಕರರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಕಟ್ಟಬೇಕು. ಸಂಬಳದ ಶೇ 3.25 ಮಾಲೀಕರದು, ಶೇ 0.75 ಕೆಲಸದವರದು. ನಿಜವಾಗಿ ಅವರ ನೌಕರರಾಗಿದ್ದರೆ ಥಟ್ಟನೆ ನಂಬರ್ ಹೇಳುತ್ತಾರೆ. 'ಮೇಡಂ, ಅದೆಲ್ಲ ಪ್ರೋಸೆಸ್‌ನಲ್ಲಿದೆ' ಅಂದರೆ ಅವರು ಪರಿಚಯದ ವ್ಯಾಪಾರದವರು ಅಂದುಕೊಳ್ಳಿ. ಇದನ್ನು ಕೇಳಲು ಸಂಕೋಚ ಬೇಡ. ನಿಮ್ಮ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅವರ ಕೈ ಮುರಿದರೆ ಆಸ್ಪತ್ರೆಯ ಖರ್ಚು ಯಾರ ತಲೆಗೆ ಬರುತ್ತದೆ ಅನ್ನುವುದು ಈ ಉತ್ತರದಲ್ಲೇ ಇದೆ.

ಈಗ ದುಡ್ಡಿನ ಲೆಕ್ಕ. ವಾರಕ್ಕೊಂದು ರಜೆ ಬಿಟ್ಟರೆ ತಿಂಗಳಿಗೆ 26 ದಿನ, ದಿನಕ್ಕೆ ಎರಡು ಗಂಟೆ, ಒಟ್ಟು 52 ಗಂಟೆ. ಏಜೆನ್ಸಿಯ 11,800ರಲ್ಲಿ 1,800 ಜಿಎಸ್‌ಟಿ. ಉಳಿದ 10,000 ಅಂದರೆ ಗಂಟೆಗೆ ಸುಮಾರು 192 ರೂಪಾಯಿ. ಅದರಲ್ಲಿ ಪೊರಕೆ ಹಿಡಿಯುವ ಕೈಗೆ ಎಷ್ಟು ಹೋಗುತ್ತದೆ ಅಂತ ಕೇಳಿ ನೋಡಿ. ಹೇಳದಿದ್ದರೆ ಮೊದಲ ವಾರ ಬಂದವರನ್ನೇ ಮೆಲ್ಲಗೆ ಕೇಳಿ. ಸಿಗುವುದು ಕಡಿಮೆ ಇದ್ದಷ್ಟೂ ಅವರು ಬೇಗ ಕೆಲಸ ಬಿಡುತ್ತಾರೆ. ನಾನು ಸೂಪರ್‌ವೈಸರ್ ಆಗಿದ್ದಾಗ ನನ್ನ ಅರ್ಧ ದಿನ ಹೋಗುತ್ತಿದ್ದದ್ದು ಬಿಟ್ಟುಹೋದವರ ಜಾಗಕ್ಕೆ ಜನ ತುಂಬುವುದರಲ್ಲೇ.

ಇಸ್ತ್ರಿಯವರ ನಾದಿನಿ ಕೇಳಿದ್ದು ಗಂಟೆಗೆ 100. ನಾನಾಗಿದ್ದರೆ 125 ಕೊಡುತ್ತಿದ್ದೆ, ಅಂದರೆ 6,500. ಕರ್ನಾಟಕದಲ್ಲಿ 2004ರಿಂದಲೇ ಮನೆಕೆಲಸಕ್ಕೆ ಕನಿಷ್ಠ ವೇತನ ನಿಗದಿಯಾಗಿದೆ, ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ದರ ಬದಲಾಗುತ್ತದೆ. ಕಾರ್ಮಿಕ ಇಲಾಖೆಯ ಪಟ್ಟಿ ನೋಡಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. 6,500 ಕೊಟ್ಟರೂ ಏಜೆನ್ಸಿಗಿಂತ ತಿಂಗಳಿಗೆ 5,300 ಉಳಿಯುತ್ತದೆ, ವರ್ಷಕ್ಕೆ 63,600. ಈ ದುಡ್ಡನ್ನು ಪೂರ್ತಿ ಉಳಿತಾಯ ಅಂತ ಲೆಕ್ಕ ಹಾಕಬೇಡಿ. ಅದರಲ್ಲಿ ಏನೇನು ಮಾಡಬೇಕು ಅಂತ ಮುಂದೆ ಹೇಳುತ್ತೇನೆ.

ಬದಲಿ ಕಳಿಸುತ್ತೇವೆ ಅನ್ನುವ ಮಾತಿಗೆ ಬರೋಣ. ಏಜೆನ್ಸಿ ಮಾರುವುದು ಮುಖ್ಯವಾಗಿ ಇದನ್ನೇ. ಆಫೀಸ್‌ನಲ್ಲಿ, ಅಪಾರ್ಟ್‌ಮೆಂಟಿನ ಕಾರಿಡಾರ್‌ನಲ್ಲಿ ಇದು ತುಂಬಾ ಒಳ್ಳೆಯ ವ್ಯವಸ್ಥೆ. ಯಾರು ಬಂದರೂ ಕಾರಿಡಾರ್ ಒಂದೇ. ಮನೆ ಹಾಗಲ್ಲ. ಅದರಲ್ಲೂ ನಿಮ್ಮ ಮನೆಯದು ಕೆಂಪು ನೆಲ.

ಕೆಂಪು ನೆಲ ಅಂದರೆ ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಕಲಸಿ ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದು. ಆಸಿಡ್ ಬಿದ್ದರೆ ಸಿಮೆಂಟನ್ನೇ ತಿನ್ನುತ್ತದೆ. ಒಮ್ಮೆ ಇಂಥದ್ದೇ ಒಂದು ಮನೆಗೆ ನಮ್ಮ ತಂಡದ ಖಾಯಂ ಹುಡುಗ ಬರಲಿಲ್ಲ ಅಂತ ಬದಲಿ ಹುಡುಗನನ್ನು ಕಳಿಸಿದ್ದೆವು. ಪಾಪ, ಚುರುಕಿನ ಹುಡುಗ. ಅಲ್ಲಿಯವರೆಗೆ ಟೈಲ್ಸ್ ಮಾತ್ರ ನೋಡಿದ್ದವನು. ಹಿತ್ತಲ ಬಾಗಿಲ ಹತ್ತಿರ ಬೋರ್‌ವೆಲ್ ನೀರಿನ ಬಿಳಿ ಕಲೆ ಕಂಡಿದೆ. ಟಾಯ್ಲೆಟ್‌ಗೆ ತಂದಿದ್ದ ಆಸಿಡ್ ಕ್ಲೀನರ್ ಸುರಿದು ಹತ್ತು ನಿಮಿಷ ಬಿಟ್ಟಿದ್ದಾನೆ. ಒರೆಸಿದಾಗ ಕಲೆಯೂ ಇಲ್ಲ, ಬಣ್ಣವೂ ಇಲ್ಲ. ಊಟದ ತಟ್ಟೆಯಷ್ಟು ಅಗಲದ ಜಾಗ ಮಾಸಲು ಗುಲಾಬಿ ಆಗಿತ್ತು, ಕೈ ಆಡಿಸಿದರೆ ಮರಳು ಕಾಗದದ ಹಾಗೆ ಒರಟು. ನಾನು ಹೋಗಿ ಕೊಬ್ಬರಿ ಎಣ್ಣೆ ಸವರಿ ನೋಡಿದೆ, ಮೇಣ ತಿಕ್ಕಿ ನೋಡಿದೆ. ಹಳೇ ಹೊಳಪು ಬರಲಿಲ್ಲ. ಕಂಪನಿ ಆ ತಿಂಗಳ ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡಿತು. ಮನೆಯ ಯಜಮಾನರು ಅಲ್ಲಿ ಒಂದು ಮ್ಯಾಟ್ ಹಾಕಿಕೊಂಡರು. ಆ ಹುಡುಗನಿಗೆ ಹೇಳಿಕೊಡಬೇಕಾದವಳು ನಾನೇ, ಆದರೆ ಬದಲಿಯವನಿಗೆ ಹೇಳಿಕೊಡುವಷ್ಟು ಹೊತ್ತು ಯಾರಿಗಿತ್ತು?

ಇನ್ನು ನಿಮ್ಮ ಅತ್ತೆ. ಹಗಲಲ್ಲಿ ಒಬ್ಬರೇ ಇರುವ ವಯಸ್ಸಾದವರು ಇವತ್ತೊಬ್ಬರು ನಾಳೆಯೊಬ್ಬರು ಬಂದರೆ ಬಾಗಿಲು ತೆಗೆಯಲು ಹೆದರುತ್ತಾರೆ. ಹೆದರುವುದು ಸರಿಯೇ. ದಿನಾ ಬರುವ ಮುಖವಾದರೆ ಹಾಗಲ್ಲ. 'ಅಮ್ಮ ಇವತ್ತು ಯಾಕೋ ಸುಸ್ತಾಗಿದ್ದಾರೆ, ತಿಂಡಿ ಹಾಗೇ ಇತ್ತು' ಅಂತ ನಿಮಗೊಂದು ಫೋನ್ ಬರುತ್ತದೆ. ಇದಕ್ಕೆ ಯಾವ ಕಾಂಟ್ರ್ಯಾಕ್ಟಿನಲ್ಲೂ ಕಾಲಂ ಇಲ್ಲ.

ಪೊಲೀಸ್ ವೆರಿಫಿಕೇಶನ್ ಬಗ್ಗೆ ಎರಡು ಮಾತು. ಅದು ಆ ದಿನದವರೆಗೆ ಅವರ ಹೆಸರಲ್ಲಿ ಕೇಸ್ ಇದೆಯಾ, ವಿಳಾಸ ಸರಿ ಇದೆಯಾ ಅಂತ ನೋಡುವುದು ಮಾತ್ರ. ಏಜೆನ್ಸಿಯವರು ತೋರಿಸಿದರೆ ಯಾವ ದಿನಾಂಕದ್ದು, ಯಾರ ಹೆಸರಿನದ್ದು ಅಂತ ನೋಡಿ. ಎಷ್ಟೋ ಕಡೆ ವೆರಿಫೈಡ್ ಅಂದರೆ ಫೈಲಿನಲ್ಲಿ ಆಧಾರ್ ಜೆರಾಕ್ಸ್ ಇದೆ ಅಂತ ಅರ್ಥ. ಬದಲಿಯಾಗಿ ಬಂದವರದ್ದು ಅದೂ ಇರುವುದಿಲ್ಲ. ಸ್ವಂತವಾಗಿ ಇಟ್ಟುಕೊಂಡರೆ ನೀವೇ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ಅವರಿಗೆ ಹೇಳಿ, ಒಪ್ಪಿಸಿ ಮಾಡಿ. ಅವರ ಒರಿಜಿನಲ್ ಕಾರ್ಡ್ ಇಟ್ಟುಕೊಳ್ಳಬೇಡಿ. ನಿಜ ಹೇಳಬೇಕೆಂದರೆ ಇಸ್ತ್ರಿ ಅಂಗಡಿಯವರು ಆ ಬೀದಿ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ಅವರು ತಮ್ಮ ಮರ್ಯಾದೆಯನ್ನೇ ಒತ್ತೆ ಇಟ್ಟು ನಾದಿನಿಯನ್ನು ಕಳಿಸುತ್ತಿದ್ದಾರೆ. ನೀವು 'ಬೇರೆ ಗ್ಯಾರಂಟಿ ಇಲ್ಲ' ಅಂದಿರಲ್ಲ, ಅದಕ್ಕೆ ಹೇಳಿದೆ.

ಕಳ್ಳತನದ ಭಯದಿಂದಲೇ ಏಜೆನ್ಸಿಗೆ ಹೋಗುವವರು ಜಾಸ್ತಿ. ನನ್ನ ಕಾಲದಲ್ಲಿ ನಡೆದದ್ದು ಹೇಳುತ್ತೇನೆ. ಒಂದು ಮನೆಯಲ್ಲಿ ಅಜ್ಜಿಯ ವಾಲೆ ಕಾಣೆಯಾಯಿತು. ಮನೆಯವರು ಬೆಳಿಗ್ಗೆ ಫೋನ್ ಮಾಡಿದರು, ಸಂಜೆ ಹೊತ್ತಿಗೆ ನಮ್ಮ ಕಂಪನಿ ರಾಯಚೂರು ಕಡೆಯ ಆ ಹುಡುಗಿಯನ್ನು ತೆಗೆದು ಬೇರೆಯವಳನ್ನು ಕಳಿಸಿತು. ವಿಚಾರಣೆ ಇಲ್ಲ, ಕೇಳುವವರಿಲ್ಲ. ಗಿರಾಕಿಗೆ ಖುಷಿ, ಎಷ್ಟು ಬೇಗ ಆಕ್ಷನ್ ತಗೊಂಡರು ಅಂತ. ಮೂರು ವಾರದ ಮೇಲೆ ರಜಾಯಿ ಒಗೆಯಲು ಕವರ್ ಬಿಚ್ಚಿದಾಗ ವಾಲೆ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. 'ಸಿಕ್ಕಿತು, ಪರವಾಗಿಲ್ಲ' ಅಂತ ಒಂದು ಮೆಸೇಜ್ ಬಂತು. ನಾನು ಆ ಹುಡುಗಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಇದನ್ನೇ ತಿರುಗಿಸಿ ನೋಡಿ. ಅವಳು ನಿಜವಾಗಿಯೂ ಕದ್ದಿದ್ದರೂ ಕಂಪನಿ ಮಾಡುತ್ತಿದ್ದದ್ದು ಇಷ್ಟೇ. ಇಲ್ಲಿಂದ ತೆಗೆಯುವುದು, ಇನ್ನೊಂದು ಮನೆಗೆ ಹಾಕುವುದು. ಚಿನ್ನವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿ. ಯಾರೇ ಬರಲಿ, ಇದು ಅವರಿಗೂ ಒಳ್ಳೆಯದು.

ಏಜೆನ್ಸಿಯನ್ನು ಪೂರ್ತಿ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಸ್ವಂತವಾಗಿ ಬರುವವರ ತಾಪತ್ರಯ ನನಗೆ ಚೆನ್ನಾಗಿ ಗೊತ್ತು. ಊರ ಜಾತ್ರೆ ಅಂತ ಹೋದವರು ನಾಲ್ಕು ದಿನ ಅಂದು ಹನ್ನೆರಡು ದಿನಕ್ಕೆ ಬರುತ್ತಾರೆ. ಸೋಮವಾರ ಬೆಳಿಗ್ಗೆ ಆರೂವರೆಗೆ 'ಅಕ್ಕಾ ಜ್ವರ' ಅಂತ ಫೋನ್. ಮೂರನೇ ತಿಂಗಳಿಗೆ ಅಡ್ವಾನ್ಸ್ ಕೇಳುತ್ತಾರೆ. ಪಕ್ಕದ ಅಪಾರ್ಟ್‌ಮೆಂಟ್‌ನಲ್ಲಿ 500 ಜಾಸ್ತಿ ಸಿಕ್ಕರೆ ಹೊರಟುಬಿಡುತ್ತಾರೆ. ಇದನ್ನೆಲ್ಲ ತಡೆಯಲು ಆಗುವುದಿಲ್ಲ, ಕಡಿಮೆ ಮಾಡಬಹುದು.

ರಜೆಗೆ ನನ್ನ ಉಪಾಯ ಇದು. ಕೆಲಸ ಶುರುವಾದ ಮೊದಲ ವಾರವೇ 'ನೀವು ಬರದ ದಿನ ಯಾರನ್ನು ಕಳಿಸುತ್ತೀರಿ?' ಅಂತ ಕೇಳಿ. ಓರಗಿತ್ತಿಯೋ ಗೆಳತಿಯೋ ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಒಂದು ದಿನ ಜೊತೆಯಲ್ಲಿ ಕರೆಸಿ ಅತ್ತೆಗೆ ಮುಖ ಪರಿಚಯ ಮಾಡಿಸಿ, ನೆಲ ತೋರಿಸಿ. ಆ ದಿನಕ್ಕೂ ಕೂಲಿ ಕೊಡಿ. ಬದಲಿಗೆ ಬಂದ ದಿನ ದುಡ್ಡು ಅವರ ಕೈಗೇ ಕೊಡಿ. ತಿಂಗಳಿಗೆ ವಾರದ ರಜೆ ಬಿಟ್ಟು ಎರಡು ದಿನ ಸಂಬಳ ಸಹಿತ ರಜೆ, ವರ್ಷಕ್ಕೆ ಊರಿಗೆ ಹೋಗಲು ಹತ್ತು ದಿನ, ದೀಪಾವಳಿಗೆ ಒಂದು ತಿಂಗಳ ಬೋನಸ್ ಅಂತ ಮೊದಲೇ ಮಾತಾಡಿ. ಮಾತಾಡಿದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ, ಓದಿ ಹೇಳಿ, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಏನೇನು ಕೆಲಸ ಅನ್ನುವುದೂ ಅದರಲ್ಲಿರಲಿ. ಜಗಳ ಬರುವುದೇ 'ಹಾಗೇ ಬಾಲ್ಕನಿಯನ್ನೂ ಒಂದು ಸಲ' ಅನ್ನುವಲ್ಲಿ. ಕಿಟಕಿಯ ಹೊರಗಿನ ಸಜ್ಜೆ ಹತ್ತುವ ಕೆಲಸ ಆ ಹಾಳೆಯಲ್ಲಿ ಇರಲೇಬಾರದು. ಯಾರಿಂದಲೂ ಮಾಡಿಸಬೇಡಿ.

ಅಡ್ವಾನ್ಸ್ ಕೊಟ್ಟರೆ ಒಂದು ತಿಂಗಳ ಸಂಬಳದಷ್ಟು ಸಾಕು, ತಿಂಗಳಿಗೆ ಇಷ್ಟು ಅಂತ ಬರೆದುಕೊಂಡು ಮುರಿದುಕೊಳ್ಳಿ. ಅದಕ್ಕಿಂತ ದೊಡ್ಡ ಸಾಲ ಕೊಟ್ಟು ಕಟ್ಟಿಹಾಕುವುದು ತಪ್ಪು. ಕಟ್ಟಿಹಾಕಿದವರು ನಿಲ್ಲುವುದೂ ಇಲ್ಲ.

ಆಗ ಹೇಳಿದೆನಲ್ಲ, ಬಿದ್ದು ಪೆಟ್ಟಾದರೆ ಅಂತ. ಸ್ವಂತವಾಗಿ ಬರುವವರಿಗೆ ಇಎಸ್‌ಐ ಇಲ್ಲ. ಆದರೆ ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸಿನವರಿಗೆ 2 ಲಕ್ಷದ ಅಪಘಾತ ವಿಮೆ. ಜೀವನ್ ಜ್ಯೋತಿ ಅನ್ನುವ ಜೀವ ವಿಮೆ ವರ್ಷಕ್ಕೆ 436, ವಯಸ್ಸು 50ರ ಒಳಗಿದ್ದರೆ ಸೇರಬಹುದು, ಅದೂ 2 ಲಕ್ಷ. ಎರಡೂ ಸೇರಿ 456 ರೂಪಾಯಿ. ಅದನ್ನು ನೀವೇ ಕೊಡಿ. ಸುರಕ್ಷಾ ಬಿಮಾ ಸಾವು ಅಥವಾ ಅಂಗ ಊನವಾದರೆ ಮಾತ್ರ, ಕೈ ಮುರಿದ ಆಸ್ಪತ್ರೆ ಬಿಲ್ಲಿಗೆ ಅಲ್ಲ. ಆ ಬಿಲ್ಲು ಬಂದರೆ ಉಳಿದ 63,600ರಲ್ಲಿ ಒಂದು ಪಾಲು ಅದಕ್ಕೆ ಅಂತ ತೆಗೆದಿಡಿ. ಅವರು 16ರಿಂದ 59ರೊಳಗಿದ್ದರೆ ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡನ್ನೂ ಮಾಡಿಸಿ, ಒಂದು ಭಾನುವಾರದ ಅರ್ಧ ಗಂಟೆಯ ಕೆಲಸ.

ಇನ್ನೊಂದು ಮಾತು, ಯಾರೂ ಕೇಳುವುದಿಲ್ಲ. ನಿಮ್ಮ ಮನೆ ಅವರಿಗೆ ಕೆಲಸದ ಜಾಗ. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಮನೆಯನ್ನೂ ಕೆಲಸದ ಜಾಗ ಅಂತಲೇ ಹೇಳುತ್ತದೆ, ಮನೆಕೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಾವು ಅವರನ್ನು ನಂಬಬಹುದಾ ಅಂತ ಗಂಟೆಗಟ್ಟಲೆ ಯೋಚಿಸುತ್ತೇವೆ, ಅವರೂ ಗೇಟಿನ ಹೊರಗೆ ನಿಂತು ಅದನ್ನೇ ಯೋಚಿಸುತ್ತಿರುತ್ತಾರೆ ಅಲ್ವಾ? ನೀರು ಕುಡಿಯಲು ಒಂದು ಲೋಟ, ಬಳಸಲು ಟಾಯ್ಲೆಟ್, ಇಷ್ಟನ್ನಾದರೂ ಅವರು ಕೇಳುವ ಮೊದಲೇ ಹೇಳಿಬಿಡಿ.

ಹಾಗಾದರೆ ಏಜೆನ್ಸಿ ಯಾವಾಗ? ವರ್ಷಕ್ಕೆ ಎರಡು ಸಲ. ಯುಗಾದಿಗೆ ಮೊದಲು, ದಸರಾಕ್ಕೆ ಮೊದಲು. ಅಟ್ಟದ ಜೇಡರ ಬಲೆ, ಫ್ಯಾನಿನ ರೆಕ್ಕೆ, ಅಡುಗೆಮನೆ ಚಿಮಣಿಯ ಜಿಡ್ಡು, ಸೋಫಾ, ಮೇಲಿನ ಬಾತ್‌ರೂಮ್ ಟೈಲ್ಸ್‌ನ ಉಪ್ಪಿನ ಕಲೆ. ಇವಕ್ಕೆ ಮೆಷಿನ್ ಬೇಕು, ಏಣಿ ಬೇಕು, ಮೂರು ನಾಲ್ಕು ಜನ ಬೇಕು. ದಿನಾ ಬರುವ ಒಬ್ಬರ ಕೈಯಲ್ಲಿ ಇದನ್ನು ಮಾಡಿಸುವುದು ಅನ್ಯಾಯ. ಉಳಿದ ದುಡ್ಡಿನಲ್ಲಿ ಇದನ್ನು ಮಾಡಿಸಿ. ಬಿಲ್ಲು ತೆಗೆದುಕೊಳ್ಳಿ. ಬಿಲ್ಲಿದ್ದರೆ ಹಾಳಾದದ್ದಕ್ಕೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕ ಇಲ್ಲ. ಬಂದವರಿಗೆ ಮೊದಲೇ ಹೇಳಿ, ಕೆಳಗಿನ ನೆಲಕ್ಕೆ ಮೆಷಿನ್ನೂ ಬೇಡ, ಆಸಿಡ್ಡೂ ಬೇಡ. ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚ್ ಎರಡನ್ನೂ ಒಟ್ಟಿಗೆ ಹಾಕುವುದನ್ನು ಕಂಡರೆ ತಕ್ಷಣ ನಿಲ್ಲಿಸಿ. ಅದರಿಂದ ಬರುವುದು ಕ್ಲೋರಿನ್ ಗ್ಯಾಸ್. ಬಾಗಿಲು ಮುಚ್ಚಿದ ಬಾತ್‌ರೂಮಿನಲ್ಲಿ ಉಸಿರಾಟಕ್ಕೇ ತೊಂದರೆ.

ನೀವು ಹೊಸ ಫ್ಲ್ಯಾಟಿನಲ್ಲಿದ್ದು, ಊರಿಗೆ ಹೊಸಬರಾಗಿ, ತಿಂಗಳಲ್ಲಿ ಹದಿನೈದು ದಿನ ಟೂರ್ ಹೋಗುವವರಾಗಿದ್ದರೆ ಏಜೆನ್ಸಿಯನ್ನೇ ಹಿಡಿಯಿರಿ ಅನ್ನುತ್ತಿದ್ದೆ. ಇಎಸ್‌ಐ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟ ಏಜೆನ್ಸಿ ಆಗಿದ್ದರೆ.

ಟ್ರಯಲ್ ದಿನ ಏನು ನೋಡಬೇಕು? ಬಕೆಟ್ ನೋಡಿ. ಎರಡು ರೂಮಿಗೊಮ್ಮೆ ನೀರು ಬದಲಾಯಿಸುತ್ತಾರಾ, ಇಲ್ಲ ಮನೆಯೆಲ್ಲ ಒಂದೇ ಕಪ್ಪು ನೀರಾ? ಧೂಳು ಹೊಡೆದು ಆಮೇಲೆ ಗುಡಿಸುತ್ತಾರಾ, ಇಲ್ಲ ಗುಡಿಸಿದ ಮೇಲೆ ಧೂಳು ಹೊಡೆಯುತ್ತಾರಾ? ಅಡುಗೆಮನೆಯ ಬಟ್ಟೆಯೇ ಬಾತ್‌ರೂಮಿಗೂ ಹೋಗುತ್ತದಾ? ಹೋದರೆ ಗಾಬರಿ ಬೇಡ, ಬಟ್ಟೆ ಕೊಡದೆ ಇದ್ದದ್ದು ನಮ್ಮ ತಪ್ಪು. ಹೋಟೆಲಿನಲ್ಲಿ ಟಾಯ್ಲೆಟ್‌ಗೆ ಕೆಂಪು, ಅಡುಗೆಮನೆಗೆ ಹಸಿರು ಅಂತ ಬಣ್ಣದ ಬಟ್ಟೆ ಇರುತ್ತವೆ. ನಾಲ್ಕು ಬಣ್ಣದ ಬಟ್ಟೆ ತಂದುಕೊಟ್ಟು ಒಂದು ಸಲ ಹೇಳಿ, ಎರಡನೇ ದಿನಕ್ಕೆ ಅಭ್ಯಾಸವಾಗುತ್ತದೆ. ಉದ್ದ ಹಿಡಿಯ ಮಾಪ್ ಕೂಡ ತನ್ನಿ. ಕುಕ್ಕರುಗಾಲಲ್ಲಿ ಕೂತು ಎರಡು ಮಹಡಿ ಒರೆಸಿದರೆ ಯಾರ ಮಂಡಿ ಉಳಿಯುತ್ತದೆ ಹೇಳಿ.

ಕೆಂಪು ನೆಲವನ್ನು ಹೊಸಬರಿಗೆ ನೀವು ಹೇಳಿಕೊಡಬೇಡಿ, ನಾನೂ ಹೇಳಿಕೊಡುವುದಿಲ್ಲ. ಊರಿಗೆ ಹೋದ ನಿಮ್ಮ ಹಳಬರಿಗೆ ಒಂದು ಫೋನ್ ಮಾಡಿ. ಒಂಬತ್ತು ವರ್ಷ ಆ ನೆಲ ಒರೆಸಿದವರು ಅವರು. ನೀರು ಎಷ್ಟು, ಬಟ್ಟೆ ಯಾವುದು, ಎಣ್ಣೆ ಎಷ್ಟು ಹನಿ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲ ಅವರಿಗೆ ಗೊತ್ತು. ಫೋನನ್ನು ಸ್ಪೀಕರ್‌ಗೆ ಹಾಕಿ ಹೊಸಬರ ಕೈಗೆ ಕೊಡಿ. ನಿಮ್ಮ ಅತ್ತೆಗೆ ಕಾಫಿಗೆ ಸಕ್ಕರೆ ಎಷ್ಟು ಹಾಕಬೇಕು ಅಂತಲೂ ಅವರೇ ಹೇಳುತ್ತಾರೆ ನೋಡಿ.